ಅಂಗಿಯ ಜೇಬಿನಲ್ಲಿದ್ದ ಪತ್ರ

ಒಫೇಲಿಯಾಳ ರಾಜಕೀಯ ಶುರುವಾದದ್ದು ಲಾ ನೊರಿಯಾ ಎಂಬ ಊರಿನ ಶಾಲೆಯೆದುರು, ದ್ರಾಕ್ಷಿ ಲಾರಿಗಳು ಓಡಾಡುವ ರಸ್ತೆಯಲ್ಲಿ. ಪ್ಯಾಕಿಂಗ್ ಶೆಡ್ಡಿನ ಕೆಲಸ ಮುಗಿಸಿ, ಏಪ್ರನ್ ಕೂಡ ಬಿಚ್ಚದೆ ಶಾಲಾ ಮಂಡಳಿಯ ಸಭೆಗೆ ನುಗ್ಗಿದವಳು, "ನಿಮ್ಮ ಮಕ್ಕಳು ಕಾರಲ್ಲಿ ಬರ್ತಾವೆ, ನಮ್ಮವು ಕಾಲಲ್ಲಿ ಬರ್ತಾವೆ. ರಸ್ತೆಗೆ ಒಂದು ಕೆಂಪು ದೀಪ ಹಾಕ್ಸೋಕೆ ಏನ್ರೀ ಕಷ್ಟ?" ಎಂದು ಕೇಳಿದ್ದಳು. ಮರುವರ್ಷ ಅವಳೇ ಮಂಡಳಿಯ ಸದಸ್ಯೆ. ಮೂರು ತಿಂಗಳಲ್ಲಿ ದೀಪ ಬಂತು. ಎಷ್ಟೋ ತಾಯಂದಿರಿಗೆ ಅಂದು ನೆಮ್ಮದಿಯಾಯಿತು.

ಆಮೇಲೆ ಊರಿನ ಕೌನ್ಸಿಲ್, ಅದರ ಮೇಲೆ ರಾಜ್ಯದ ಶಾಸನಸಭೆ. ತೋಟಗಳಿಗೆ ಔಷಧಿ ಹೊಡೆಯುವ ಮುನ್ನ ಶಾಲೆಗಳಿಗೆ ತಿಳಿಸಬೇಕೆಂಬ ಮಸೂದೆಗೆ ಅಲ್ಲಿ ಆರು ವರ್ಷ ಹಿಡಿಯಿತು. ತೋಟದೊಡೆಯರು ಅವಳನ್ನು ಕಮ್ಯುನಿಸ್ಟಳೆಂದು ಹಂಗಿಸಿ 'ಕೆಂಪಿ' ಎಂದು ಹೆಸರಿಟ್ಟರು. ಐವತ್ತೆರಡನೆಯ ವಯಸ್ಸಿನಲ್ಲಿ ಅವಳು ಸಂಸತ್ತಿಗೆ ಗೆದ್ದು ವಾಷಿಂಗ್ಟನ್ನಿಗೆ ಹೊರಟ ದಿನ, ಚಾಯೊ ಜೋಳದ ಹಿಟ್ಟಿನ ತಮಾಲೆ ಕಡುಬು ಬೇಯಿಸಿ ಬೀದಿಗೆಲ್ಲ ಹಂಚಿದಳು.

ಚಾಯೊ ಶೆಡ್ಡಿನಲ್ಲಿ ಅವಳ ಪಕ್ಕ ನಿಂತು ದ್ರಾಕ್ಷಿ ಗೊಂಚಲು ಸವರುತ್ತಿದ್ದ ಗೆಳತಿ. ಚಾಯೊಳ ಮಗಳು ನಯೇಲಿಯನ್ನು ದೀಕ್ಷಾಸ್ನಾನದ ದಿನ ಎತ್ತಿಕೊಂಡು ನಿಂತವಳು ಒಫೇಲಿಯಾ. ಅಂದಿನಿಂದ ಮಗುವಿಗೆ ಅವಳು ಮದ್ರೀನಾ, ಎರಡನೆಯ ತಾಯಿ. ಮನೆಯ ದೊಡ್ಡವರಿಗೆ ಕೊಮಾದ್ರೆ, ಅಂದರೆ ಜೊತೆತಾಯಿ.

ಚಾಯೊಳ ಗಂಡ ಎವರಿಸ್ತೊ ಕಾಗದಪತ್ರವಿಲ್ಲದೆ ಈ ದೇಶದಲ್ಲಿ ಇಪ್ಪತ್ತಮೂರು ವರ್ಷ ಬಾಳಿದವನು. ವರ್ಷಕ್ಕೊಮ್ಮೆ ವಲಸೆ ಕಚೇರಿಗೆ ಹೋಗಿ ಮುಖ ತೋರಿಸಿ ಬರಬೇಕಿತ್ತು.

"ಈ ಸಲ ನಾನು ಹೋಗಲ್ಲ ಕೊಮಾದ್ರೆ," ಎಂದ. "ಹೋದವರು ಯಾರೂ ವಾಪಸ್ ಬರ್ತಿಲ್ಲ."

"ಹೋಗದಿದ್ರೆ ಅವರಿಗೆ ಅದೇ ನೆಪ ಆಗುತ್ತೆ. ನನ್ನ ಪತ್ರ ಇಟ್ಕೊಳ್ಳಿ, ಸಂಸತ್ತಿನ ಮುದ್ರೆ ಇದೆ. ಕೈ ಹಾಕೋಕೆ ಮುಂಚೆ ಯೋಚನೆ ಮಾಡ್ತಾರೆ."

ಅವಳು ಅದನ್ನು ನಂಬಿಯೇ ಹೇಳಿದ್ದಳು. ಎವರಿಸ್ತೊ ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಪತ್ರವಿಟ್ಟುಕೊಂಡು ಬೆಳಗ್ಗೆ ಹೋದ. ಮಧ್ಯಾಹ್ನದ ಊಟಕ್ಕೆ ಬರಲಿಲ್ಲ.

ನಯೇಲಿಗೆ ಹದಿನೈದು ತುಂಬುವ ಹಬ್ಬಕ್ಕೆ ಹದಿನಾರು ದಿನ ಉಳಿದಿತ್ತು. ಅಂದು ಅಪ್ಪ ಎಲ್ಲರೆದುರು ಮಂಡಿಯೂರಿ, ಮಗಳ ಚಪ್ಪಟೆ ಜೋಡು ಕಳಚಿ, ಅವಳ ಮೊದಲ ಎತ್ತರದ ಹಿಮ್ಮಡಿಯ ಜೋಡು ತೊಡಿಸಬೇಕು, ಆಮೇಲೇ ನೃತ್ಯ. ಎವರಿಸ್ತೊ ಆ ಜೋಡನ್ನು ಮೇ ತಿಂಗಳಲ್ಲೇ ತಂದಿಟ್ಟಿದ್ದ.

ಒಫೇಲಿಯಾ ವಲಸೆ ಕಚೇರಿಗೆ ಫೋನಿನ ಮೇಲೆ ಫೋನ್ ಮಾಡಿದಳು. "ಅವರೇ ಸಹಿ ಹಾಕಿದ ಒಪ್ಪಿಗೆ ಬೇಕು ಮೇಡಂ, ಆಮೇಲೆ ಮಾಹಿತಿ ಕೊಡ್ತೀವಿ," ಎಂದರು. ಒಪ್ಪಿಗೆಯ ಅರ್ಜಿ ತಲುಪುವಷ್ಟರಲ್ಲಿ ಅವನನ್ನು ಬೇರೆ ರಾಜ್ಯಕ್ಕೆ ಸಾಗಿಸಿದ್ದರು. ಅರ್ಜಿ ಅಲ್ಲಿಗೂ ಹೋಯಿತು, ಅವನು ಅಲ್ಲಿಂದಲೂ ಹೋಗಿದ್ದ. ಒಂಬತ್ತನೆಯ ದಿನ ತಾನೇ ಹೋಗಿ, ಅವನಿದ್ದಾನೆಂದು ಕೇಳಿದ ಬಂಧನ ಕೇಂದ್ರದ ಗೇಟಿನಲ್ಲಿ ನಿಂತಳು. ಕಾವಲಿನವನು ವಿನಯದಿಂದ, "ಮುಂಚೆ ಹೇಳಿ ಬಂದಿದ್ದೀರಾ?" ಎಂದು ಕೇಳಿದ. ಬಿಸಿಲಿನಲ್ಲಿ ಎರಡು ಗಂಟೆ ನಿಂತು ಮರಳಿದಳು. ಒಂದು ದೀಪ ಹಾಕಿಸಿದ್ದ ಹೆಂಗಸಿಗೆ ಈಗ ಒಂದು ಗೇಟು ತೆರೆಸಲಾಗಲಿಲ್ಲ.

ಹನ್ನೊಂದನೆಯ ದಿನ ಟಿಹ್ವಾನಾದಿಂದ ಎವರಿಸ್ತೊನೇ ಫೋನ್ ಮಾಡಿದ. ಗಡಿ ದಾಟಿಸಿ ಹುಟ್ಟಿದ ದೇಶಕ್ಕೆ ಬಿಟ್ಟಿದ್ದರು.

"ಪತ್ರ ತೋರಿಸ್ದೆ ಕೊಮಾದ್ರೆ. ಓದಿ, ಮಡಚಿ, ಜೇಬಿಗೇ ವಾಪಸ್ ಇಟ್ರು. ಒಳ್ಳೆ ಜನ, ಒಂದು ಸುಕ್ಕೂ ಮಾಡ್ಲಿಲ್ಲ."

ಅವನು ನಗಲು ನೋಡಿದ.

ಹಬ್ಬ ನಿಲ್ಲಿಸಲಿಲ್ಲ, ನೆಂಟರು ಬಂದಾಗಿತ್ತು. ನಯೇಲಿ ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ. ವಾದ್ಯ ನಿಂತಾಗ ಚಾಯೊ ಜೋಡಿನ ಪೆಟ್ಟಿಗೆಯನ್ನು ಒಫೇಲಿಯಾಳ ಕೈಗಿಟ್ಟಳು. ಕೊಮಾದ್ರೆ ಎನ್ನಲಿಲ್ಲ.

"ನೀವೇ ತೊಡಿಸಿ ಮೇಡಂ. ಅವರನ್ನ ಕಳಿಸಿದ್ದು ನೀವೇ ತಾನೇ."

ಒಫೇಲಿಯಾ ಮಂಡಿಯೂರಿದಳು. ನಯೇಲಿ ಎರಡೂ ಪಾದಗಳನ್ನು ಲಂಗದೊಳಗೆ ಎಳೆದುಕೊಂಡಳು.

"ಬೇಡ ಮದ್ರೀನಾ. ಅಪ್ಪ ಬರ್ಲಿ."

"ಎಷ್ಟು ವರ್ಷ ಆಗುತ್ತೋ ಮಗಳೇ, ಹತ್ತಾದ್ರೂ ಆಗ್ಬಹುದು..."

"ಆಗ್ಲಿ."

ಹುಡುಗಿ ಎದ್ದು, ಚಪ್ಪಟೆ ಜೋಡಿನಲ್ಲೇ ಅಮ್ಮನ ಕೈ ಹಿಡಿದು ನೃತ್ಯಕ್ಕೆ ನಡೆದಳು. ಒಫೇಲಿಯಾ ನೆಲದ ಮೇಲೆಯೇ ಉಳಿದು, ಜೋಡಿನ ಒಳಗೆ ಬೆರಳಿಟ್ಟು ಅಳೆದಳು. ಎವರಿಸ್ತೊ ಒಂದು ಅಳತೆ ದೊಡ್ಡದನ್ನೇ ತಂದಿದ್ದ. ಹದಿನೈದರ ಪಾದ, ಇನ್ನೂ ಬೆಳೆಯುತ್ತದೆ. ಈ ಜೋಡು ಇನ್ನೊಂದು ವರ್ಷ ಕಾಲಿಗೆ ಹಿಡಿಸೀತು, ಹೆಚ್ಚೆಂದರೆ ಎರಡು.