ಟೈರ್ ಅಂಗಡಿ ಮುಂದಿನ ಕೆರೆ ಏರಿ

ಈಗ ಸಂಜೆ ಆರೂವರೆ. ಇವತ್ತು ಮಗಳ ಶಾಲೆಯ ಮಕ್ಕಳ ಜೊತೆ ರಾಮಮೂರ್ತಿ ನಗರದ ಬೀದಿಗಳಲ್ಲಿ ಒಂದು ಕೆರೆಯನ್ನು ಹುಡುಕಿಕೊಂಡು ನಡೆದೆ.

ಕೆರೆ ಈಗ ಇಲ್ಲ. ಆದರೂ ಹುಡುಕಿದೆವು.

ಒಂಬತ್ತನೇ ಕ್ಲಾಸಿನ ಹಿಸ್ಟರಿ ಪ್ರಾಜೆಕ್ಟ್ ಅದು. ಅವರ ಮಿಸ್ ನಮ್ಮ ಭಾಗದ ಹಳೆಯ ಸರ್ವೆ ನಕ್ಷೆಯೊಂದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಕೊಟ್ಟಿದ್ದರು. ಮಕ್ಕಳು ಅದನ್ನು ಟ್ಯಾಬಿನಲ್ಲಿ ಈಗಿನ ಮ್ಯಾಪಿನ ಅಡಿಗೆ ಕೂರಿಸಿದ್ದರು.

ಬೆರಳು ಸರಿಸಿದರೆ ಮನೆಗಳು, ಅಂಗಡಿಗಳು ಮಂಜಿನ ಹಾಗೆ ತೆಳುವಾಗುತ್ತವೆ... ಅಡಿಯಿಂದ ಕೆರೆಯ ನೀಲಿ ಮೇಲೆ ಬರುತ್ತದೆ.

ಮನೆಯ ಹಿರಿಯರು ಯಾರಾದರೂ ಜೊತೆಗೆ ಬನ್ನಿ ಎಂದಿದ್ದರು. ನಮ್ಮ ಯಜಮಾನರು ಇದ್ದಿದ್ದರೆ ಅವರೇ ಹೋಗುತ್ತಿದ್ದರು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ನಾನು ಹೋದೆ.

ಅವರದ್ದು ಇಲ್ಲಿನ ಹಳೆಯ ಊರಿನ ಮನೆತನ. ಸ್ಕೂಟರಿನಲ್ಲಿ ಮೇನ್ ರೋಡಿಗೆ ಬಂದರೆ, ಟೈರ್ ಅಂಗಡಿಯ ಮುಂದೆ ನಿಧಾನ ಮಾಡಿ ಬಲಗಾಲನ್ನು ಚಪ್ಪಲಿಯಿಂದ ಹೊರಗೆಳೆಯುತ್ತಿದ್ದರು. ಒಂದು ಗಳಿಗೆ ಅಷ್ಟೇ. ಹಿಂದೆ ಕೂತ ನನಗೆ ಅವರ ಭುಜ ಒಂಚೂರು ವಾಲುವುದು ಕೈಗೆ ತಿಳಿಯುತ್ತಿತ್ತು.

"ಕೆರೆ ಏರಿ ಕಣೇ ಇದು. ಗಂಗಮ್ಮ ಇದಾಳೆ. ಚಪ್ಪಲಿ ಹಾಕ್ಕೊಂಡು ದಾಟ್ಬಾರ್ದು ಅಂತ ಅಜ್ಜಿ ಹೇಳೋರು."

ಆ ಕೆರೆಯನ್ನು ಅವರೂ ಕಂಡವರಲ್ಲ. ಅಲ್ಲಿ ಏರಿಯೂ ಇಲ್ಲ, ಗಂಗಮ್ಮನ ಕಲ್ಲೂ ಇಲ್ಲ. ನನ್ನ ಮೈದುನ ನಗುತ್ತಿದ್ದ. "ನಮ್ಮಣ್ಣ ರೋಡ್ ಗುಂಡಿಗೂ ಮರ್ಯಾದೆ ಕೊಡ್ತಾನೆ ಬಿಡಿ ಅತ್ಗೆ."

ಮಗಳು ಸಿಂಚನಾ ಅಪ್ಪನ ಮಾತನ್ನೇ ಪ್ರಾಜೆಕ್ಟಿಗೆ ಬರೆದಿದ್ದಳು. ಮ್ಯಾಪಿನಲ್ಲಿ ಟೈರ್ ಅಂಗಡಿಯ ಮುಂದೆ ಒಂದು ಕೆಂಪು ಗುರುತು ಇಟ್ಟು, 'ಕೆರೆ ಏರಿ' ಎಂದು ಹೆಸರನ್ನೂ ಕೊಟ್ಟಿದ್ದಳು.

ಅಲ್ಲಿಗೆ ತಲುಪಿದಾಗ ಟ್ಯಾಬ್ ಹಿಡಿದಿದ್ದ ಅವಳ ಗೆಳತಿ ಸಾನಿಯಾ ಬೆರಳು ಸರಿಸಿದಳು. ಅಂಗಡಿ ಮಸುಕಾಯಿತು. ಅಡಿಯಲ್ಲಿ ಬರೀ ಹೊಲ.

ಏರಿ ಎರಡು ಬೀದಿ ಆಚೆ, ಒಂದು ಬೇಕರಿಯ ಮೇಲೆ ಓರೆಯಾಗಿ ಹಾದುಹೋಗಿತ್ತು.

"ಇಲ್ಲಿಲ್ಲ ಕಣೇ," ಅಂದಳು ಸಾನಿಯಾ ಮೆಲ್ಲಗೆ. ಸಿಂಚನಾ ಆ ಕೆಂಪು ಗುರುತನ್ನು ಅಳಿಸಲು ಬೆರಳು ಎತ್ತಿದ್ದನ್ನು ನೋಡಿದೆ.

ಇಷ್ಟು ವರ್ಷ ಅವರು ಏನೂ ಇಲ್ಲದ ಜಾಗಕ್ಕೆ ಕಾಲು ತೆಗೆದರಾ?

"ಇರು, ಅಳಿಸ್ಬೇಡ," ಅಂದರು ಮಿಸ್. "ಮೊದ್ಲು ದೇವಸ್ಥಾನಕ್ಕೆ ಹೋಗಿ ಬರೋಣ."

ಎರಡು ನಕ್ಷೆಯಲ್ಲೂ ಇದ್ದ ಆಂಜನೇಯನ ಗುಡಿಯನ್ನು ಒಂದರ ಮೇಲೊಂದು ಇಟ್ಟು ಮಕ್ಕಳು ಹಳೆಯ ನಕ್ಷೆಯನ್ನು ಹೊಂದಿಸಿದ್ದರು. ಗುಡಿಯಲ್ಲಿ ತೀರ್ಥ ಕೊಡುತ್ತಾ ಪೂಜಾರಪ್ಪ ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಸಾನಿಯಾ ಟ್ಯಾಬ್ ತೋರಿಸಿದಳು.

"ಅಯ್ಯೋ ಮಗಾ, ಸ್ವಾಮಿ ಮೊದ್ಲು ಇಲ್ಲೆಲ್ಲಿದ್ದ? ರೋಡ್ ಅಗಲ ಮಾಡಿದಾಗ ಎರಡು ಬೀದಿ ಆಚೆಯಿಂದ ಎತ್ಕೊಂಡು ಬಂದ್ವಿ. ನಮ್ಮಪ್ಪ ಮುಂದೆ ನಿಂತು ತಂದ್ರು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇವರು ಜಾಗ ಬಿಟ್ಟಿದ್ದ. ಅವನನ್ನು ನಂಬಿ ಹೊಂದಿಸಿದ ನಕ್ಷೆ ಪೂರ್ತಿ ಸರಿದುಹೋಗಿತ್ತು.

"ಹಾಗಾದ್ರೆ ಜಾಗ ಬಿಡದೆ ಇರೋದು ಏನಿದೆ, ಯೋಚ್ನೆ ಮಾಡಿ," ಅಂದರು ಮಿಸ್.

"ಟ್ರೈನ್ ಲೈನ್ ಮಿಸ್," ಅಂದಳು ಸಾನಿಯಾ. "ದೊಡ್ಡ ಬಂಡೆ," ಅಂದಳು ಸಿಂಚನಾ. ಆ ಬಂಡೆಯ ಸುತ್ತ ಈಗ ಬಾಡಿಗೆ ಮನೆಗಳಿವೆ, ಮೇಲೆ ಬಟ್ಟೆ ಒಣಹಾಕುತ್ತಾರೆ.

ಗುಡಿಯ ಕಟ್ಟೆಯ ಮೇಲೆ ಕೂತು, ಹಳಿಯ ತಿರುವಿಗೆ ತಿರುವು, ಬಂಡೆಗೆ ಬಂಡೆ ಸೇರಿಸಿದರು. ನಕ್ಷೆ ಮೆಲ್ಲಗೆ ತಿರುಗಿತು. ಮಲಗಿದವರು ಮಗ್ಗುಲು ಬದಲಿಸಿದ ಹಾಗೆ... ಏರಿ ಬೇಕರಿಯನ್ನು ಬಿಟ್ಟಿತು, ಎರಡು ಬೀದಿ ದಾಟಿತು, ಸಿಂಚನಾಳ ಕೆಂಪು ಗುರುತಿನ ಕೆಳಗೆ ಬಂದು ನಿಂತಿತು.

"ಅಪ್ಪ ಹೇಳಿದ್ದು ಸರಿ ಇತ್ತಮ್ಮಾ," ಅಂದಳು ಮಗಳು, ನನ್ನ ಕಡೆ ತಿರುಗದೆ.

ಮತ್ತೆ ಟೈರ್ ಅಂಗಡಿಗೆ ನಡೆದೆವು. ಸಿಂಚನಾ ಫುಟ್‌ಪಾತಿನಲ್ಲಿ ಕೂತು ಶೂ ಲೇಸು ಬಿಚ್ಚಿದಳು. ಸಾನಿಯಾ ಕೂಡ ಚಪ್ಪಲಿ ಬಿಟ್ಟು, "ಹಾಕ್ಬಾರ್ದಲ್ವಾ ಆಂಟಿ?" ಅಂದಳು.

ಅಂಗಡಿಯವನು ಟ್ಯೂಬಿಗೆ ಗಾಳಿ ಹಾಕುತ್ತಲೇ, "ನೋಡ್ಕೊಂಡು ಕಂದಾ, ಮೊಳೆಗಿಳೆ ಬಿದ್ದಿರುತ್ತೆ," ಅಂದ.

ನಾನೂ ಬಲಗಾಲು ಹೊರಗೆಳೆದೆ. ನೆಲ ಬೆಚ್ಚಗಿತ್ತು. ಕಣ್ಣು ಮುಚ್ಚಿದರೆ ಬಸ್ಸುಗಳ ಸದ್ದು ಗಾಳಿಗೆ ಎದ್ದ ನೀರಿನ ಸದ್ದಿನಂತೆ ಬಂದು ಬಂದು ಹೋಗುತ್ತಿತ್ತು. ಅಂಗೈಗೆ ಒಂದು ಭುಜ ವಾಲಿದಂತೆ...

ಮಗಳು ಆ ಮ್ಯಾಪನ್ನು ನನ್ನ ಫೋನಿಗೂ ಹಾಕಿಕೊಟ್ಟಿದ್ದಾಳೆ. ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೇನೆ. ಬೆರಳು ಸರಿಸಿದರೆ ನಮ್ಮ ಮನೆಯೂ ತೆಳುವಾಗುತ್ತದೆ, ಅವರ ಸ್ಕೂಟರ್ ನಿಂತಿರುವ ಮೂಲೆಯೂ. ಅಡಿಯಲ್ಲಿ ಅದೇ ನೀಲಿ. ನಾವು ಇಷ್ಟು ದಿನ ಕೆರೆಯೊಳಗೇ ಸಂಸಾರ ಮಾಡಿದ್ದು.

ಬೆರಳು ಹಿಂದಕ್ಕೆ ಸರಿಸಿದರೆ ಮನೆ ಮರಳುತ್ತದೆ.

ನಾಳೆ ನಮ್ಮ ಬೀದಿಗೆ ನೀರು ಬಿಡುವ ದಿನ, ಬೇಗ ಏಳಬೇಕು.