ಅರ್ಧ ಢಾಲು

ನಮ್ಮ ಮನೆತನದಲ್ಲಿ ಯಾರೂ ಬಿ.ಎ. ಆಗುವುದಿಲ್ಲ ಎಂದವಳು ನನ್ನ ಆಯಿ, ಅಪ್ಪನ ತಾಯಿ. "ನಮ್ಮವರಿಗೆ ದೇವರು ಬುದ್ಧಿ ಕಾಲಾಗ ಇಟ್ಟಾನ, ತಲ್ಯಾಗಲ್ಲ" ಎನ್ನುತ್ತಿದ್ದಳು. ಮೊನ್ನೆ ಸುಣ್ಣ ಹಚ್ಚಲೆಂದು ಗೋಡೆಯ ಮೇಲಿನ ಅರ್ಧ ಢಾಲನ್ನು ಇಳಿಸಿ ಒರೆಸುವಾಗ ಅವಳ ದನಿಯೇ ಕೇಳಿದಂತಾಯಿತು.

ಪಂದ್ಯ ಗೆದ್ದವರಿಗೆ ಕೊಡುವ ಢಾಲು, ಅದೂ ಅರ್ಧವೇ ಎಂದು ನೀವು ನಗಬಹುದು. ಊರೆಲ್ಲ ನಕ್ಕಾಗಿದೆ.

ಆಯಿ ಹೇಳುತ್ತಿದ್ದ ಆ ಕಾಲು ನನ್ನ ಕಾಕಾನವು, ಅಪ್ಪನ ತಮ್ಮನವು. ಕಬಡ್ಡಿಗೆ ಆಗ ಹುತುತು ಎನ್ನುತ್ತಿದ್ದೆವು. ಗೋಕಾಕ ಸೀಮೆಯಲ್ಲಿ ಕಾಕಾ ಪಗಾರದ ಆಟಗಾರ. ಪಗಾರವೆಂದರೆ ತುಪ್ಪ, ಬೆಲ್ಲ, ಒಮ್ಮೆ ಒಂದು ಟಗರು. ಪಂದ್ಯಕ್ಕೆ ಮೊದಲೇ ಅವನನ್ನು ಆಡಿಸುವ ಊರವರು ಬಂಡಿ ಕಳಿಸಿ ಕರೆದೊಯ್ದು, ಉಣಿಸಿ, ಬೇರೆಯವರು ಹಾರಿಸಿಕೊಂಡು ಹೋಗದಂತೆ ಕಾವಲು ಕೂರುತ್ತಿದ್ದರು.

ಉಣಿಸಿದವರಿಗೆ ಇಲ್ಲ ಎನ್ನಲು ಅವನಿಗೆ ಬರುತ್ತಿರಲಿಲ್ಲ. ಮೂಡಲಗಿಯಲ್ಲಿ ಹೋಳಿಗೆ ತಿಂದು ಹೂಂ ಎಂದ. ಹುಕ್ಕೇರಿಯವರು ಕಾವಲಿನ ಕಣ್ಣು ತಪ್ಪಿಸಿ ಹಾಲು ತಂದರು. ಕುಡಿದು ಅವರಿಗೂ ಹೂಂ ಎಂದ. ಢಾಲಿನ ಪಂದ್ಯದ ದಿನ ಎದುರುಬದುರು ನಿಂತದ್ದು ಅವೇ ಎರಡು ಊರು.

"ನಮ್ಮ ಹೋಳಿಗಿ ತಿಂದಾನ್ರಿ!"

"ನಮ್ಮ ಹಾಲೇನ ನೀರಾಗಿತ್ತೇನ್ರಿ?"

ಪಂಚರು ತೀರ್ಪು ಕೊಟ್ಟರು: ಮೊದಲರ್ಧ ಆಟ ಮೂಡಲಗಿಗೆ, ಉಳಿದರ್ಧ ಹುಕ್ಕೇರಿಗೆ. ಕಾಕಾ ಪ್ರಾಮಾಣಿಕ. ಮೊದಲು ಹುಕ್ಕೇರಿಯವರನ್ನು ಕೆಡವಿದ. ಅಂಗಿ ಬದಲಿಸಿ ಬಂದು ಮೂಡಲಗಿಯವರನ್ನೂ ಅಷ್ಟೇ ಕೆಡವಿದ. ಪಂದ್ಯ ಸಮವಾಯಿತು. ಬಡಿಗನನ್ನು ಕರೆಸಿ ಕಟ್ಟಿಗೆಯ ಢಾಲನ್ನೇ ಗರಗಸದಿಂದ ಕೊಯ್ಸಿದರು. "ಅರ್ಧಾ ಒಯ್ದು ಮಂದಿಗೆ ಹ್ಯಾಂಗ ತೋರಸೂದ್ರಿ?" ಎಂದು ಹುಕ್ಕೇರಿಯವರು ತಮ್ಮ ಪಾಲನ್ನು ಕಾಕಾನ ಕೈಗೇ ತುರುಕಿ ಹೋದರು.

"ಹುಟ್ಟಿದಾಗಿಂದ ಇಡೀದು ಒಂದರ ತಂದೀಯೇನೋ?" ಎಂದಳು ಆಯಿ.

ಫೌಜಿಗೆ ಹೊರಟ ದಿನ ಕಾಕಾ ನನಗೆ ಹೇಳಿದ: "ನೀ ಬಿ.ಎ. ಮುಗಸು, ನಾ ಬಂದು ಮೂಡಲಗಿಯವರ ಅರ್ಧಾ ಗೆದ್ದ ತರ್ತೇನಿ. ಯಾರು ಮೊದಲು ನೋಡೂಣು."

"ಇಬ್ಬರಿಂದನೂ ಆಗೂದಿಲ್ಲ" ಎಂದಳು ಆಯಿ, ಅವನಿಗೆ ರೊಟ್ಟಿ ಕಟ್ಟುತ್ತ.

ಚೀನಾ ಯುದ್ಧದಲ್ಲಿ ಕಾಕಾ ತೀರಿಕೊಂಡ. ಮನೆಗೆ ಬಂದದ್ದು ತಗಡಿನ ಟ್ರಂಕು. ಒಳಗೆ ಮಡಚಿಟ್ಟಿದ್ದ ಎರಡು ಅಂಗಿ: ಮೂಡಲಗಿಯದೊಂದು, ಹುಕ್ಕೇರಿಯದೊಂದು.

ಆ ವರ್ಷ ನಾನು ಇಂಗ್ಲಿಷಿನಲ್ಲಿ ಫೇಲಾಗಿ, ಇನ್ನು ಓದುವುದಿಲ್ಲ ಎಂದು ಕಾಲೇಜು ಬಿಟ್ಟು ಮನೆಗೆ ಬಂದೆ. ಆಗುವುದಿಲ್ಲ ಎಂದಿದ್ದ ಆಯಿಯೇ ನನ್ನ ಹಾಸಿಗೆ ಸುತ್ತಿ ಹೊಸ್ತಿಲಾಚೆ ಇಟ್ಟಳು. "ಮನ್ಯಾಗ ಅರ್ಧಾ ಒಂದ ಸಾಕು. ನಡಿ."

ನಡೆದೆ. ನಮ್ಮ ಮನೆತನದ ಮೊದಲ ಪದವೀಧರ ನಾನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಈಗ ಸುಣ್ಣ ಒಣಗಿದೆ. ಢಾಲಿಗೊಂದು ಮೊಳೆ ಹೊಡೆದೆ, ಬಾಜೂಕೆ, ಪಕ್ಕದಲ್ಲೇ, ಇನ್ನೊಂದು. ಆ ಇನ್ನೊಂದು ಆಯಿಯ ಅಪ್ಪಣೆ. ಸರ್ಟಿಫಿಕೇಟು ತಂದ ದಿನ ಅವಳ ಕೈಗೇ ಕೊಟ್ಟಿದ್ದೆ. ಓದಲು ಬಾರದವಳು ಅದರ ಅಂಚಿನಗುಂಟ ಬೆರಳಾಡಿಸಿ, ಮೂಲೆಮೂಲೆ ಮುಟ್ಟಿ ನೋಡಿದಳು.

"ಇಡೀದು ಐತೇನೋ?"

"ಇಡೀದ ಐತಿ, ಆಯಿ."

"ಹಂಗಾರ ಅವನ ಅರ್ಧದ ಬಾಜೂಕ ತೂಗಹಾಕು. ಅಂವಾ ನೋಡಲಿ."