ಕಡಲಿಗೆ ಒಯ್ದ ಜೋಳದ ಹಿಟ್ಟು

ಇದೆಲ್ಲ ಹೀಗೆಯೇ ನಡೆಯಿತೆಂದು ಆಣೆ ಮಾಡಿ ಹೇಳುವ ಧೈರ್ಯ ನನಗಿಲ್ಲ. ಮನೆಯಲ್ಲಿ ರೊಟ್ಟಿ ಬಡಿದು ಮುಗಿದ ಮೇಲೆ ನಾದುವ ಪರಾತದ ಅಂಚಿಗೆ ಒಂದು ಚೂರು ಜೋಳದ ಹಿಟ್ಟು ಅಂಟಿಕೊಂಡು ಉಳಿಯುತ್ತದಲ್ಲ, ಅದನ್ನು ಕಂಡ ಕೂಡಲೇ ನನ್ನ ಬೆರಳುಗಳು ತಾವಾಗಿಯೇ ಹೋಗಿ ಬಟಾಣಿ ಕಾಳಿನಷ್ಟು ದುಂಡಗೆ ಉಂಡೆ ಕಟ್ಟಿಬಿಡುತ್ತವೆ. ಇಷ್ಟು ನಿಜ, ಇದಕ್ಕೆ ನನ್ನ ಹೆಂಡತಿ ಸಾಕ್ಷಿ. ಈ ಚಟ ಎಲ್ಲಿಂದ ಬಂತೆಂದು ಕೇಳಿದವರಿಗೆ ನಾನೊಂದು ಕತೆ ಹೇಳುತ್ತೇನೆ. ಪ್ರತಿ ಸಲ ಹೇಳುವಾಗಲೂ ಅದರೊಳಗಿನ ಮೀನು ನಾಲ್ಕು ಬೆರಳು ಬೆಳೆಯುತ್ತದೆ. ಧಾರವಾಡದಲ್ಲಿ ಇತಿಹಾಸ ಓದಿ, ಶಾಸನವನ್ನೂ ತಾಮ್ರಪಟವನ್ನೂ ಅನುಮಾನದಿಂದಲೇ ನೋಡಬೇಕೆಂದು ಕಲಿತು ಬಂದವನಿಗೆ ಇದು ಶೋಭಿಸುವ ಸಂಗತಿಯಲ್ಲ. ಆದ್ದರಿಂದ ಈ ಸಲ, ನೀವು ಜೊತೆಗಿರುವ ಧೈರ್ಯದಿಂದ, ಮೀನನ್ನು ಬೆಳೆಯಗೊಡದೆ ಹೇಳಲು ಪ್ರಯತ್ನಿಸುತ್ತೇನೆ.

ತುರ್ತು ಪರಿಸ್ಥಿತಿ ಮುಗಿದ ವರ್ಷವೋ ಅದರ ಮರುವರ್ಷವೋ ಇರಬೇಕು. ನಾನು ರಾಯಚೂರಿನ ಕಾಲೇಜೊಂದರಲ್ಲಿ ಹೊಸದಾಗಿ ಪಾಠ ಹೇಳುತ್ತಿದ್ದೆ. ನನ್ನ ದೊಡ್ಡಪ್ಪ ಹನುಮಂತಪ್ಪನವರು ದೇವದುರ್ಗದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. ವಾರವೆಲ್ಲ ಮಕ್ಕಳಿಂದ ಮಗ್ಗಿ ಹೇಳಿಸಿ, ಭಾನುವಾರ ಸೈಕಲ್ಲೇರಿ ಕೃಷ್ಣೆಯ ದಂಡೆಗೆ ಹೋಗಿ ಗಾಳ ಹಾಕಿ ಕೂರುವುದು ಅವರ ಜೀವನಕ್ರಮ. ಹೊಳೆಯ ಮೀನುಗಳಿಗೆಲ್ಲ ಅವರ ಗುರುತಿತ್ತೆಂದು ಊರಲ್ಲಿ ಹೇಳುತ್ತಿದ್ದರು, ಇದಕ್ಕೂ ಆಧಾರವಿಲ್ಲ. ಅವರ ಒಬ್ಬಳೇ ಮಗಳು ಶಾಂತಾಳನ್ನು ಆ ಬೇಸಿಗೆಯಲ್ಲಿ ಕಾರವಾರದಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ವರನಿಗೆ ಕೊಟ್ಟಿದ್ದರು.

ಪಂಚಮಿಗೆ ತವರಿಗೆ ಬಂದ ಶಾಂತಾ ಜೋಕಾಲಿಯಿಂದ ಇಳಿಯುವ ಮೊದಲೇ ವಿಷಯ ತೆಗೆದಳು. ನೂಲ ಹುಣ್ಣಿಮೆಗೆ ಅಲ್ಲಿಯವರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುತ್ತಾರಂತೆ. ಆಮೇಲೆ ನೀರು ಶಾಂತವಾಗುತ್ತದಂತೆ. ರಜೆ ಬಂದರೆ ಸಾಕು, ಗಂಡನ ಕಚೇರಿಯವರೆಲ್ಲ ಸಂಸಾರಸಮೇತ ನದಿ ಕಡಲು ಸೇರುವ ಅಳಿವೆಗೆ ಹೋಗಿ ಗಾಳ ಹಾಕುತ್ತಾರಂತೆ. ಯಾರ ಗಾಳಕ್ಕೆ ಮೊದಲ ಮೀನು ಬೀಳುತ್ತದೋ ಆ ಮನೆಯವರು ಅಂದು ಕೈಕೆಸರು ಮಾಡಿಕೊಳ್ಳುವಂತಿಲ್ಲ; ಉಳಿದವರು ಅಡಿಗೆ ಮಾಡಿ ಬಡಿಸಬೇಕು.

"ಯಪ್ಪಾ, ದಸರಾ ಸೂಟಿಗೆ ನೀ ಬರಬೇಕು ನೋಡು. ನಾ ಮಾತು ಕೊಟ್ಟು ಬಂದೀನಿ."

"ಏನಂತ?"

"ಮೊದಲನೇ ಮೀನ ನಮ್ಮಪ್ಪಂದ ಅಂತ."

ದೊಡ್ಡಪ್ಪ ಬಾಯಿಗೆ ಹಾಕಿಕೊಳ್ಳುತ್ತಿದ್ದ ತಂಬಿಟ್ಟಿನ ಉಂಡೆಯನ್ನು ಅರ್ಧದಲ್ಲೇ ತಡೆದರು. ಅವರು ಅದುವರೆಗೆ ಸಮುದ್ರವನ್ನು ನೋಡಿದ್ದು ಶಾಲೆಯ ಗೋಡೆಯ ಮೇಲಿನ ನಕಾಶೆಯಲ್ಲಿ ಮಾತ್ರ.

"ಹಿಡೀಲಿಲ್ಲಂದ್ರ?"

"ಬಿಸಿಲೂರಿನಾಕಿ, ನೀರ ಕಂಡಿಲ್ಲ ಅಂತ ಈಗ್ಲೇ ಕಾಡಾಕತ್ತಾರ. ಹಿಡೀಲಿಲ್ಲಂದ್ರ ವರ್ಷಾನಗಟ್ಲೆ ಅದನ್ನ ಅಂತಾರ."

ನಗುತ್ತಲೇ ಹೇಳಿದಳು, ಆದರೆ ಜೋಕಾಲಿ ನಿಂತಿತ್ತು. ಒಳಗಿನಿಂದ ದೊಡ್ಡವ್ವ, "ಹೋಗಿ ಬರ್ರಿ, ಮೊದಲ ಆ ಸೈಕಲ್ಲಿನ ಪಂಚರ್ ತಗಸ್ರಿ. ಸಮುದ್ರಕ್ಕ ಆಮ್ಯಾಗ ಕೈ ಹಾಕೀರಂತ," ಎಂದಳು.

ಯೋಜನೆ ಹೀಗೆ ಶುರುವಾಯಿತು, ಮತ್ತು ಶುರುವಿನಲ್ಲೇ ಕಾಲನಿರ್ಣಯದ ತಕರಾರು ಎದ್ದಿತು. ದೊಡ್ಡಪ್ಪನ ಪ್ರಕಾರ ಗಾಳಕ್ಕೆ ಕಾಲವೆಂದರೆ ಬೇಸಿಗೆ. ಹೊಳೆ ಇಳಿದು, ಮರಳು ತೇಲಿ, ಮೀನುಗಳೆಲ್ಲ ಮಡುವಿಗೆ ಸೇರಿದಾಗ ಮರಳ ಮೇಲೆ ಕೊಡೆ ನೆಟ್ಟು, ಬುತ್ತಿಗಂಟು ಇಟ್ಟು ಕೂರಬೇಕು; ಇಟ್ಟ ಗಂಟು ತಿಂಗಳುಗಟ್ಟಲೆ ಅಲ್ಲೇ ಇದ್ದರೂ ಒದ್ದೆಯಾಗುವುದಿಲ್ಲ. "ನೀರು ಇಳೀಲಿ, ಹೋಗೂಣು," ಎಂದು ಅವರು. ಅದು ಇಳಿಯುವ ಜಾತಿಯ ನೀರಲ್ಲವೆಂದು ಶಾಂತಾ. ಆಗ ನಾನು ಶಾಲೆಯಿಂದ ಭೂಮಿಯ ಗೋಳವನ್ನೇ ತರಿಸಿ, ಒಂದು ನಿಂಬೆಹಣ್ಣನ್ನು ಚಂದ್ರನ ಸ್ಥಾನದಲ್ಲಿಟ್ಟು, ಕಡಲು ಉಬ್ಬಿ ಇಳಿಯುವ ಭರತ ಇಳಿತಗಳನ್ನು ಸಾಂಗವಾಗಿ ವಿವರಿಸಿದೆ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡು, "ಲೇ ಎಂ.ಎ., ಇಳಿದ ನೀರು ಹೋಗಿ ಎಲ್ಲಿ ನಿಲ್ತದ?" ಎಂದು ಕೇಳಿದರು. ನಾನು ನಿಂಬೆಹಣ್ಣನ್ನು ಇನ್ನೊಂದು ಸುತ್ತು ತಿರುಗಿಸಿದೆ. ಕೊನೆಗೆ ಗೆದ್ದದ್ದು ದಸರಾ ರಜೆ.

ಅಲ್ಲಿಂದ ಮುಂದಿನ ಭಾನುವಾರಗಳೆಲ್ಲ ರಾಯಚೂರಿನಲ್ಲಿ, ದೊಡ್ಡಪ್ಪನ ಹಳೆಯ ಗೆಳೆಯ ಖಾಸೀಂ ಸಾಹೇಬರ ಸೈಕಲ್ ಅಂಗಡಿಯಲ್ಲಿ ಕಳೆದವು. ಗಾಳ ಮಾಡಿಕೊಡುವ ಹೊಣೆ ಅವರದು. ಸೈಕಲ್ಲಿನ ಕಡ್ಡಿಯನ್ನು ಕಾಯಿಸಿ, ಬಗ್ಗಿಸಿ, ಅರದಿಂದ ಚೂಪು ಮಾಡುತ್ತ, "ಮಾಸ್ತರ್ ಸಾಬ್, ಸಮುಂದರ್‌ದಾಗಿನ್ವು ಮೀನಲ್ರೀ, ಆನಿ!" ಎನ್ನುವರು. ಸಮುದ್ರವನ್ನು ಅವರೂ ನೋಡಿರಲಿಲ್ಲ. ಪ್ರತಿ ವಾರ ಅವರ ಕಲ್ಪನೆಯ ಮೀನು ದೊಡ್ಡದಾಗುತ್ತ ಹೋಗಿ, ಅದಕ್ಕೆ ತಕ್ಕಂತೆ ಗಾಳವೂ ಹಿಗ್ಗಿ, ಕಡೆಯ ಗಾಳಕ್ಕೆ ಕಂದೀಲು ತೂಗಹಾಕಬಹುದಾಗಿತ್ತು. ದೊಡ್ಡಪ್ಪ ಹೊಗಳಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡರು. ತಮ್ಮ ಹೊಳೆಯ ಸಣ್ಣ ಗಾಳವೊಂದನ್ನು ದಾರದ ಸಮೇತ ಸುತ್ತಿ ತಲೆಯ ರುಮಾಲಿನ ಮಡಿಕೆಯಲ್ಲಿಟ್ಟುಕೊಂಡದ್ದನ್ನು ಸಾಹೇಬರಿಗೆ ತೋರಿಸಲಿಲ್ಲ.

ಇನ್ನು ಗಾಳಕ್ಕೆ ಸಿಕ್ಕಿಸುವ ತಿನಿಸು. ಕಡಲಿನವರು ಸೀಗಡಿ ಕಟ್ಟುತ್ತಾರೆಂದು ಶಾಂತಾ ಹೇಳಿಯೇ ಹೋಗಿದ್ದಳು. ದೊಡ್ಡಪ್ಪ ಒಪ್ಪಲಿಲ್ಲ. ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ ಸೇರಿಸಿ, ಚಿಟಿಕೆ ಇಂಗು ಹಾಕಿ ಕುದಿಸಿ ನಾದಿದ್ದೇ ಅವರ ತಿನಿಸು; ಅದೂ ಮಾನ್ವಿ ಕಡೆಯ ಎರೆಹೊಲದ ಬಿಳಿಜೋಳವೇ ಆಗಬೇಕು. ಅದಕ್ಕಾಗಿ ನಾನೂ ಅವರೂ ದೊಡ್ಡವ್ವನ ತವರೂರು ಹಿರೇಕೊಟ್ನೆಕಲ್ಲಿಗೆ ಹೋಗಿ ಬಂದೆವು. ವಿಷಯ ತಿಳಿದ ದೊಡ್ಡವ್ವನ ತಮ್ಮ, ಜೋಳ ಅಳೆದು ಹಾಕುತ್ತ, "ಮಂದಿಗೇ ಸಾಲಾಂಗಿಲ್ಲ, ಸಮುದ್ರಕ್ಕ ರೊಟ್ಟಿ ಊಟ ಹಾಕಾಕ ಹೊಂಟೀರೇನು ಮಾಮಾ?" ಎಂದು ನಕ್ಕು, ಮೇಲೆ ಇನ್ನೊಂದು ಬೊಗಸೆ ಹಾಕಿದ. ಬರುವಾಗ ಪೋತ್ನಾಳದಲ್ಲಿ ಚಹಾ ಕುಡಿಯುತ್ತ ನಾನು, ಉಪ್ಪುನೀರಿನ ಮೀನು ಜೋಳ ತಿನ್ನುತ್ತದೆಂಬುದಕ್ಕೆ ಏನು ಆಧಾರವೆಂದು ಕೇಳಿದೆ. "ಹಸಿವಿ ಆಧಾರ," ಎಂದರು ದೊಡ್ಡಪ್ಪ.

ದಸರಾ ರಜೆಯಲ್ಲಿ ಕಾರವಾರ ತಲುಪಿ ಅಳಿವೆಗೆ ನಾವು ಕಾಲಿಟ್ಟಾಗ ನೀರು ಇಳಿದಿತ್ತು. ಮರಳದಿಬ್ಬ ಬೆನ್ನು ತೋರಿಸಿಕೊಂಡು ದೂರದವರೆಗೆ ಮಲಗಿತ್ತು. ದೊಡ್ಡಪ್ಪನಿಗೆ ಆದ ಹಿಗ್ಗು ಹೇಳತೀರದು, "ಬ್ಯಾಸಿಗಿ ಬಂದೇಬಿಟ್ಟದಲ್ಲೋ!" ಎಂದವರೇ ನಡೆಯುತ್ತ ಹೋಗಿ, ದಿಬ್ಬದ ತುದಿಯಲ್ಲಿ ಕೊಡೆ ನೆಟ್ಟು, ಚೀಲವಿಟ್ಟು, ಚಪ್ಪಲಿ ಬಿಟ್ಟು, ಕೃಷ್ಣೆಯ ಮರಳಿನ ಮೇಲೆ ಕೂರುವಂತೆ ಚಕ್ಕಳಮಕ್ಕಳ ಹಾಕಿ ಕುಳಿತರು. ಅಳಿಯನ ಕಚೇರಿಯವರೆಲ್ಲ ದಂಡೆಗೆ ಹತ್ತಿರವೇ ಇದ್ದರು. ನಿಂಬೆಹಣ್ಣು ತಿರುಗಿಸಿ ಭರತ ಇಳಿತ ಬೋಧಿಸಿದ್ದ ನಾನು? ನನ್ನ ಹೊಸ ಬೂಟುಗಳನ್ನು ಅವರ ಚಪ್ಪಲಿಗಳ ಪಕ್ಕದಲ್ಲಿ ನೀಟಾಗಿ ಜೋಡಿಸಿಟ್ಟು ಕುಳಿತೆ. ಪಾಂಡಿತ್ಯಕ್ಕೂ ಪಾದಕ್ಕೂ ಅಷ್ಟು ದೂರ.

ಖಾಸೀಂ ಸಾಹೇಬರ ಗಾಳಗಳನ್ನು ಮೀನುಗಳು ಗೌರವದಿಂದ ದೂರವೇ ಇಟ್ಟವು; ದಂಡೆಯವರಿಗೂ ಇನ್ನೂ ಏನೂ ಬಿದ್ದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದಂಡೆಯವರು ಕೈ ಬೀಸಿ ಕೂಗತೊಡಗಿದರು. ನಮಗೆ ಉತ್ತೇಜನ ಕೊಡುತ್ತಿದ್ದಾರೆಂದು ನಾವೂ ಕೈ ಬೀಸಿದೆವು. ತಿರುಗಿ ನೋಡಿದರೆ ನಮ್ಮ ಬೆನ್ನ ಹಿಂದಿನಿಂದ ನೀರು ಬಂದಿತ್ತು. ಕೊಡೆ ಮೊದಲು ಹೊರಟಿತು, ಅದರ ಹಿಂದೆ ಗಾಳದ ಚೀಲ, ಕೊನೆಗೆ ನನ್ನ ಬೂಟುಗಳು, ಜೋಡಿಯಾಗಿಯೇ. ದಂಡೆಯಲ್ಲಿ ನಗು ಎದ್ದಿತು. ಶಾಂತಾ ಒಬ್ಬಳೇ ನಗದೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ನಾನು ಮೊಣಕಾಲುದ್ದದ ನೀರಿನಲ್ಲಿ ದಂಡೆಯತ್ತ ಎಳೆದರೆ ದೊಡ್ಡಪ್ಪ ಬರಲೊಲ್ಲರು. ನೀರಿನ ಮೈಮೇಲೆ ಸಣ್ಣ ಸಣ್ಣ ಸುಕ್ಕುಗಳು ಓಡುತ್ತಿದ್ದವು. "ನಿಲ್ಲಲೇ. ಹೊಸ ನೀರು ಬರಾಕತ್ತದ. ಹೊಸ ನೀರಿನ ಸಂಗಾಟ ಮೀನ ಬರಲೇಬೇಕು," ಎಂದು ರುಮಾಲು ಬಿಚ್ಚಿ ಸಣ್ಣ ಗಾಳ ತೆಗೆದರು. ದಾರಕ್ಕೆ ತೇಲಲೆಂದು ಕಟ್ಟಿದ ಜೋಳದ ದಂಟಿನ ಬೆಂಡು. ಅಂಗಿಯ ಕಿಸೆಯಲ್ಲಿ ಒದ್ದೆ ಬಟ್ಟೆಯಲ್ಲಿ ಕಟ್ಟಿದ್ದ ಹಿಟ್ಟು. ಅವರ ಎರಡೂ ಕೈ ದಾರ ಬಿಚ್ಚುವುದರಲ್ಲಿದ್ದುದರಿಂದ ಉಂಡೆ ಕಟ್ಟಿ ಕೊಟ್ಟವನು ನಾನು.

ಬೆಂಡು ಮುಳುಗಿತು.

ದಾರದ ತುದಿಯಲ್ಲಿ ಬೆಳ್ಳಗೆ ಏನೋ ಜಿಗಿಯಿತು, ಶಾಂತಾ ಸೀರೆ ಒದ್ದೆಯಾಗುವುದನ್ನೂ ಲೆಕ್ಕಿಸದೆ ನೀರಿಗಿಳಿದು ಓಡಿ ಬಂದಳು, "ಅಡಿಗಿಗೆ ಹತ್ರಿ ಎಲ್ಲಾರೂ!" ಎಂದು ದಂಡೆಯತ್ತ ಕೂಗಿದಳು. ದೊಡ್ಡಪ್ಪ ಅವಳ ಕೈಗೆ ಮೀನು ಕೊಟ್ಟು ನನ್ನತ್ತ ತಿರುಗಿ, "ಲೇ ಎಂ.ಎ., ನಮ್ಮ ಹೊಳಿಗೆ ವರ್ಷಕ್ಕ ಒಂದ ಬ್ಯಾಸಿಗಿ, ಒಂದ ಹೊಸ ನೀರು. ಇದಕ್ಕ ದಿನಾ ಎರಡೆರಡು ಸಲ! ಎಂಥಾ ದೈವಾನೋ ಈ ಮಂದೀದು!" ಎಂದರು. ಹೊಸ ನೀರಿಗಾಗಿ ವರ್ಷವಿಡೀ ಕಾಯುವ ಸೀಮೆಯಿಂದ ಬಂದವರಿಗಲ್ಲದೆ ಇನ್ನಾರಿಗೆ ಆ ಬೆರಗು ದಕ್ಕೀತು? ಹುಟ್ಟಿದಾಗಿನಿಂದ ಅದನ್ನು ನೋಡುತ್ತ ಬಂದವರು ಆಗಲೇ ಒಲೆ ಹೂಡುತ್ತಿದ್ದರು.

ನನ್ನ ನೆನಪಿನಲ್ಲಿ ಇರುವುದು ಇಷ್ಟು. ಆದರೆ ಮೀನು ಗೇಣುದ್ದವಿತ್ತೋ ಮೊಳದುದ್ದವೋ? ಒಂದೇ ಬಿತ್ತೋ, ದೊಡ್ಡಪ್ಪ ಈಗಲೂ ದೇವದುರ್ಗದ ಕಟ್ಟೆಯ ಮೇಲೆ ಕುಳಿತು ಹೇಳುವಂತೆ ಬುಟ್ಟಿ ತುಂಬಿತೋ? ಸೀರೆಯುಟ್ಟವಳು ನೀರಿನಲ್ಲಿ ಹಾಗೆ ಓಡಲು ಸಾಧ್ಯವೇ? ಎಲ್ಲಕ್ಕಿಂತ ದೊಡ್ಡ ಅನುಮಾನ ಪೋತ್ನಾಳದ ಚಹಾದ ಅಂಗಡಿಯಲ್ಲಿ ಹುಟ್ಟಿದ್ದೇ: ಆ ಮೀನು ಬೇರೆ ಯಾರದೋ ಸೀಗಡಿಗೆ ಬಂದು, ಗಡಿಬಿಡಿಯಲ್ಲಿ ನಮ್ಮ ಗಾಳಕ್ಕೆ ತೊಡರಿಕೊಂಡಿರಬಾರದೇಕೆ?

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಕಾರವಾರದಲ್ಲಿ ಶಾಂತಾ ಮನೆ ಕಟ್ಟಿಸಿ ಕರೆದಾಗ, ನಾನು ಯಾರಿಗೂ ಹೇಳದೆ ಹಿರೇಕೊಟ್ನೆಕಲ್ಲಿನ ಹಿಟ್ಟಿನ ಪೊಟ್ಟಣವೊಂದನ್ನು ಒಯ್ದೆ. ಬೆಳಗ್ಗೆ ಅವಳ ಅಡಿಗೆಮನೆಯಲ್ಲಿ ಕುದಿಸಿ ನಾದುತ್ತಿರುವಾಗ ಸಿಕ್ಕಿಬಿದ್ದೆ.

"ಅಣ್ಣಾ, ಇನ್ನೂ ನಂಬಿಕಿ ಬಂದಿಲ್ಲೇನು ನಿನಗ?" ಎಂದಳು. "ನಡಿ, ನಾನೂ ಬರ್ತೀನಿ. ಚಪ್ಪಲಿ ಮಾತ್ರ ದಂಡಿ ಮ್ಯಾಲ ಬಿಡು."

ಭರತ ಏರುತ್ತಿತ್ತು. ಪರಾತದ ಅಂಚಿನಿಂದ ಕೆರೆದು ತಂದ ಕೊನೆಯ ಚೂರನ್ನು ಬಟಾಣಿ ಕಾಳಿನಷ್ಟು ದುಂಡಗೆ ಮಾಡಿ, ಅವಳ ಗಂಡನ ಗಾಳಕ್ಕೆ ಸಿಕ್ಕಿಸಿ ಬಿಟ್ಟೆ. ಸುತ್ತ ಬೇರೆ ಗಾಳವಿರಲಿಲ್ಲ, ಸೀಗಡಿಯಿರಲಿಲ್ಲ. ಸಾಕ್ಷಿಗೆ ಶಾಂತಾ ಇದ್ದಳು. ಉಳಿದದ್ದನ್ನು ನೀವು ನಂಬಿ, ಬಿಡಿ. ಇದೊಂದನ್ನು ನಾನು ಪರೀಕ್ಷಿಸಿ ನೋಡಿದ್ದೇನೆ: ಕಡಲಿನ ಮೀನು ನಮ್ಮ ಜೋಳದ ಹಿಟ್ಟನ್ನು ತಿನ್ನುತ್ತದೆ.